ಗಾಳಿಬಂದೂಕು ಮತ್ತು ದಯೆ

ಇಂಗ್ಲೆಂಡಿನ ಸಿರಿವಂತನೊಬ್ಬನು ಉದ್ಯಾನದ ಅಂದಕ್ಕೆಂದು ಅಮೆರಿಕದ ಬೂದು ಅಳಿಲುಗಳನ್ನು 1876ರಲ್ಲಿ ಚೆಷೈರ್ ಪ್ರಾಂತದಲ್ಲಿ ಬಿಟ್ಟನು. ಅವು ಪೆರ್ಚಿ ಎಳೆಯ ಬೀಚ್ ಮರಗಳ ತೊಗಟೆ ಸುಲಿದವು; ತಮ್ಮನ್ನು ಬಾಧಿಸದ ಸಿಡುಬಿನಂತಹ ರೋಗವನ್ನು ನಾಡಿನ ಕೆಂಪಳಿಲುಗಳಿಗೆ ಹರಡಿ ಕೊಂದವು. ತಂದವನು ಮನುಷ್ಯ, ಶಿಕ್ಷೆ ಮಾತ್ರ ಮೂಕಪ್ರಾಣಿಗೆ!

ಇಂದು ಗಾಳಿಬಂದೂಕು ಹಿಡಿದ ವನಪಾಲಕನನ್ನು ಹಿಂಸಕನೆಂದು ಸುಮ್ಮನೆ ಜರೆಯಲಾಗದು, ಕೆಂಪಳಿಲಿನದೂ ಪ್ರಾಣವೇ. ಆದರೆ ಆ ಬಂದೂಕಿನ ಬಲ ಅಲ್ಪ. ಸಮೀಪದಿಂದ ತಲೆಗೇ ತಾಗದಿದ್ದರೆ ಜೀವಿಯು ನರಳಿ ಸಾಯುವುದು. ಗುರಿ ನಿಶ್ಚಯವಾಗದೆ ಹೊಡೆಯುವವನು ಕಾಡಿನ ಕಾವಲುಗಾರನಲ್ಲ, ಬರಿಯ ಬೇಡ. ದಯೆಗೆ ಕಠಿಣ ಪರೀಕ್ಷೆ ಬೇಸಗೆಯಲ್ಲಿ: ತೊಗಟೆ ಸುಲಿಯುವ ಆ ತಿಂಗಳುಗಳಲ್ಲಿಯೇ ಗೂಡಿನಲ್ಲಿ ಮರಿಗಳು ಹಾಲಿಗಾಗಿ ತಾಯಿಯ ದಾರಿ ಕಾಯುತ್ತಿರುತ್ತವೆ.