ಹೆಗಲ ಮೇಲಿನ ಚಿನ್ನ

ಕ್ರಿಮಿಯಾ ಯುದ್ಧ ಕಾವೇರಿದ್ದ 1854ರಲ್ಲಿ ರಷ್ಯದ ಅರಮನೆ ತನ್ನ ಅಧಿಕಾರಿಗಳಿಗೆ ಸಣ್ಣದೊಂದು ರಿಯಾಯಿತಿ ಕೊಟ್ಟಿತು. ರಣರಂಗದಲ್ಲಿ ಅವರು ಸಿಪಾಯಿಗಳ ಒರಟು ಬಟ್ಟೆಯ ಉದ್ದ ಕೋಟನ್ನೇ ತೊಡಬಹುದು. ಹೆಗಲಿಗೆ ಎಪೊಲೆಟ್ ಎಂಬ ಚಿನ್ನದ ಭುಜಾಲಂಕಾರದ ಬದಲು ಚಪ್ಪಟೆ ಭುಜಪಟ್ಟಿ ಸಾಕು. ಫ್ರೆಂಚರ, ಇಂಗ್ಲಿಷರ ಹೊಸ ಬಂದೂಕುಗಳ ಗುಂಡು ಬಹುದೂರ ಹೋಗುತ್ತಿತ್ತು. ಥಳಥಳಿಸುವ ಹೆಗಲಿಗಿಂತ ಒಳ್ಳೆಯ ಗುರಿ ಇನ್ನೇನು ಬೇಕು?

ಮುತ್ತಿಗೆಗೆ ಒಳಗಾಗಿದ್ದ ಕ್ರಿಮಿಯಾದ ಬಂದರು ಸೆವಾಸ್ತೊಪೋಲಿನಲ್ಲಿ ಆಗ ನಾವಿಕರೂ ನೆಲದ ಮೇಲೆಯೇ ಕಾದುತ್ತಿದ್ದರು. ಶತ್ರು ಒಳನುಗ್ಗದಂತೆ ತಮ್ಮ ಹಡಗುಗಳನ್ನು ತಾವೇ ಬಂದರಿನ ಬಾಯಲ್ಲಿ ಮುಳುಗಿಸಿ, ಫಿರಂಗಿಗಳೊಂದಿಗೆ ಬುರುಜು ಹತ್ತಿದ್ದರು. ಸುತ್ತಲಿನವರೆಲ್ಲ ಸಿಪಾಯಿ ಕೋಟಿನೊಳಗೆ ಅಡಗಿದರೂ ಅಡ್ಮಿರಲ್ ನಖೀಮೊವ್ ಮಾತ್ರ ಎಪೊಲೆಟ್ ಇದ್ದ ಕೋಟನ್ನು ಬಿಡಲಿಲ್ಲ. 1855ರ ಜುಲೈ 10ರಂದು ಮಲಾಖೊವ್ ದಿಬ್ಬದ ಮೇಲೆ ನಿಂತು ದುರ್ಬೀನಿನಲ್ಲಿ ಶತ್ರುವಿನ ಕಡೆ ನೋಡುತ್ತಿದ್ದಾಗ ಗುಂಡು ತಲೆಗೆ ತಾಗಿತು. ಎರಡು ದಿನಕ್ಕೆ ತೀರಿಕೊಂಡರು. ಹಟ ಎನ್ನುವವರಿದ್ದಾರೆ, ಸಾವನ್ನು ಹುಡುಕಿಕೊಂಡು ಹೋದರು ಎನ್ನುವವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಚಿನ್ನ ಶತ್ರುವಿಗೆ ಕಂಡಷ್ಟೇ ಅವರ ನಾವಿಕರಿಗೂ ಕಾಣುತ್ತಿತ್ತು. ಮುತ್ತಿಗೆಯಲ್ಲಿ ಸಿಕ್ಕಿಕೊಂಡವರಿಗೆ ತಮ್ಮ ನಾಯಕ ಇನ್ನೂ ನಿಂತಿದ್ದಾನೆಂಬುದು ಕಣ್ಣಿಗೆ ಬೀಳಬೇಕು.

ಮುಂದಿನ ಯುದ್ಧಗಳಲ್ಲಿ ಸಮುದ್ರದ ಮೇಲೆ ಶತ್ರುವಿಗೆ ಕಾಣಬೇಕೋ ಅಡಗಬೇಕೋ ಎಂಬ ಪ್ರಶ್ನೆಯೇ ಮಂಕಾಯಿತು. 1904ರಲ್ಲಿ ಜಪಾನಿನೊಡನೆ ಯುದ್ಧ ನಡೆದಾಗ ಮಂಚೂರಿಯದ ಬಯಲಿನಲ್ಲಿ ರಷ್ಯದ ಸೈನಿಕರು ತಮ್ಮ ಬಿಳಿ ಅಂಗಿಗೆ ಸಿಕ್ಕ ಸಿಕ್ಕ ಬಣ್ಣ ಬಳಿದುಕೊಂಡರು ನಿಜ. ಹಡಗಿನ ಕಥೆ ಬೇರೆ. ಮೈಲುಗಟ್ಟಲೆ ದೂರದಿಂದ ಬರುವ ಫಿರಂಗಿ ಗುಂಡಿಗೆ ಹಡಗೇ ಗುರಿ. ಅದರೊಳಗಿನವನು ಯಾವ ಬಣ್ಣ ತೊಟ್ಟರೇನು?

1917ರಲ್ಲಿ ಅಪಾಯ ಬಂದದ್ದು ಒಳಗಿನಿಂದ. ಚಕ್ರವರ್ತಿಯನ್ನು ಕೆಳಗಿಳಿಸಿದ ಮಾರ್ಚ್ ಕ್ರಾಂತಿಯ ದಿನಗಳಲ್ಲಿ ಕ್ರೋನ್‌ಷ್ಟಾಟ್‌ನಲ್ಲಿ ಅಡ್ಮಿರಲ್ ವೀರೆನ್, ಹೆಲ್ಸಿಂಗ್‌ಫೋರ್ಸ್‌ನಲ್ಲಿ ಬಾಲ್ಟಿಕ್ ನೌಕಾಪಡೆಯ ಮುಖ್ಯಸ್ಥ ನೆಪೇನಿನ್ ತಮ್ಮವರ ಕೈಯಲ್ಲೇ ಸತ್ತರು. ನಾವಿಕರಿಗೆ ಭುಜಪಟ್ಟಿ ಎಂದರೆ ಹೊಡೆತ, ಬೈಗುಳ, ದೊರೆತನ. ಏಪ್ರಿಲ್ ತಿಂಗಳಲ್ಲಿ ತಾತ್ಕಾಲಿಕ ಸರ್ಕಾರದ ಸಚಿವ ಗುಚ್ಕೋವ್ ನೌಕಾಪಡೆಯಲ್ಲಿ ಭುಜಪಟ್ಟಿಯನ್ನೇ ರದ್ದು ಮಾಡಿದರು. ದರ್ಜೆ ತಿಳಿಸಲು ತೋಳಿನ ಮೇಲೆ ಪಟ್ಟೆಗಳು ಬಂದವು. ಸ್ವತಂತ್ರ ದೇಶಗಳ ನೌಕಾಪಡೆಗಳಿಗೆ ಹೊಂದಿಕೆಯಾಗಲೆಂದು ಈ ಬದಲಾವಣೆ ಎಂದಿತು ಆದೇಶ. ಕೊಂಚ ಮರ್ಯಾದೆ ಉಳಿಸಿಕೊಳ್ಳುವ ಮಾತು ಅಷ್ಟೆ. ಜರ್ಮನಿಯೊಡನೆ ಯುದ್ಧ ಇನ್ನೂ ನಡೆದೇ ಇತ್ತು, ಆದರೆ ಅಧಿಕಾರಿ ತನ್ನ ಹೆಗಲನ್ನು ಮರೆಮಾಡಬೇಕಾದದ್ದು ತನ್ನದೇ ಡೆಕ್ಕಿನವರಿಂದ. ಜೂನ್‌ನಲ್ಲಿ ಅದೇ ಸೆವಾಸ್ತೊಪೋಲಿನಲ್ಲಿ ನಾವಿಕರು ಅಧಿಕಾರಿಗಳ ಆಯುಧಗಳನ್ನೂ ಕೇಳಿದಾಗ, ಅಡ್ಮಿರಲ್ ಕೊಲ್ಚಾಕ್ ಜಪಾನ್ ಯುದ್ಧದ ಪೋರ್ಟ್ ಆರ್ಥರ್ ಹೋರಾಟಕ್ಕೆ ಬಹುಮಾನವಾಗಿ ಬಂದಿದ್ದ ಚಿನ್ನದ ಖಡ್ಗವನ್ನು ಸಮುದ್ರಕ್ಕೆ ಎಸೆದರು.

ಸಾಮಾನ್ಯ ನಾವಿಕನ ಬಿಳಿ-ನೀಲಿ ಪಟ್ಟೆಯ ಒಳಂಗಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. 1874ರಲ್ಲಿ ಚಕ್ರವರ್ತಿಯ ಸರ್ಕಾರವೇ ಕೊಟ್ಟಿದ್ದ ಅದರ ಮೇಲೆ ಕಾಡತೂಸಿನ ಪಟ್ಟಿ ಬಿಗಿದುಕೊಂಡೇ ಕ್ರಾಂತಿಕಾರಿಗಳು ಬೀದಿಗಿಳಿದರು.

ಹಿಟ್ಲರನ ಸೇನೆ ಇನ್ನೂ ದೇಶದೊಳಗಿದ್ದ 1943ರ ಫೆಬ್ರುವರಿಯಲ್ಲಿ ಸ್ಟಾಲಿನ್ ಸರ್ಕಾರ ನೌಕಾಪಡೆಗೆ ಭುಜಪಟ್ಟಿಯನ್ನು ಮರಳಿ ಕೊಟ್ಟಿತು. ಮರುವರ್ಷ ನಖೀಮೊವ್ ಹೆಸರಿನಲ್ಲೇ ಒಂದು ಪದಕವನ್ನೂ ಸ್ಥಾಪಿಸಿತು.