ಅಂಬಲಿಗೇಕೆ ಅಳುಕು?

ಬೇಸಿಗೆ ಬಂತೆಂದರೆ ಬೆಂಗಳೂರಿನ ರಸ್ತೆಬದಿಯಲ್ಲಿ ರಾಗಿ ಅಂಬಲಿಯ ತಳ್ಳುಗಾಡಿಗಳು ಕಾಣಿಸಿಕೊಳ್ಳುತ್ತವೆ. ವಾಕಿಂಗ್ ಮುಗಿಸಿದವರು, ಆಟೋದವರು, ಗಾರೆ ಕೆಲಸಕ್ಕೆ ಹೊರಟವರು ಒಂದೇ ಗಾಡಿಯ ಸುತ್ತ ನಿಂತು ಕುಡಿಯುತ್ತಾರೆ. ನನ್ನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಅಂಬಲಿ ಕುಡಿದೇ ಬೆಳೆದ ಎಷ್ಟೋ ಮನೆಗಳಲ್ಲಿ ನೆಂಟರು ಬಂದರೆ ಅದರ ಪಾತ್ರೆಯನ್ನು ಒಳಗೆ ಸರಿಸಿ ಕಾಫಿಗೆ ಇಡುತ್ತಿದ್ದರು. ಬಡವರ ಆಹಾರವೆಂಬ ಅಳುಕು. ಅದಕ್ಕೆ ಕಾರಣವೇ ಇರಲಿಲ್ಲ.

ಅಂಬಲಿ ಕಾಯಿಸುವುದಕ್ಕೂ ಕೈ ಪಳಗಬೇಕು. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಳ್ಳಬೇಕು; ಬಿಸಿನೀರಿಗೆ ನೇರವಾಗಿ ಸುರಿದರೆ ಗಂಟು ಕಟ್ಟುತ್ತದೆ. ಕದಡಿದ್ದನ್ನು ಕುದಿನೀರಿಗೆ ಹೊಯ್ದು ಕೈಬಿಡದೆ ತಿರುವುತ್ತಿದ್ದರೆ ಮಾಸಲು ಬಣ್ಣ ಹೋಗಿ ಕಡುಗಂದು ಹೊಳಪು ಬರುತ್ತದೆ, ಹಸಿಹಿಟ್ಟಿನ ವಾಸನೆ ಹೋಗುತ್ತದೆ. ಅಲ್ಲಿಯವರೆಗೆ ಒಲೆಯಿಂದ ಇಳಿಸಬಾರದು. ರಾತ್ರಿ ಮಡಕೆಯಲ್ಲಿ ಮುಚ್ಚಿಟ್ಟರೆ ಬೆಳಗಾಗುವ ಹೊತ್ತಿಗೆ ಸಣ್ಣಗೆ ಹುಳಿ ಹಿಡಿದಿರುತ್ತದೆ. ಮಜ್ಜಿಗೆ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ ಬೆರೆಸಿ ಒಂದು ಚೊಂಬು ಕುಡಿದು ಹೊಲಕ್ಕೆ ಹೋದವರಿಗೆ ಮಧ್ಯಾಹ್ನದವರೆಗೆ ಬಾಯಾರಿಕೆಯ ಚಿಂತೆಯಿರಲಿಲ್ಲ. ಬಯಲುಸೀಮೆಯ ರಾಗಿಗೆ ಬದಲು ಉತ್ತರ ಕರ್ನಾಟಕದಲ್ಲಿ ಜೋಳದ ನುಚ್ಚು, ಅದಕ್ಕೂ ಮಜ್ಜಿಗೆಯೇ ಜೊತೆ.

ಆ ಹುಳಿ ಬರೀ ನಾಲಿಗೆಗಲ್ಲ. ರಾಗಿಯ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುವ ಫೈಟಿಕ್ ಆಮ್ಲ ಹುದುಗಿದಾಗ ಒಂದಷ್ಟು ತಗ್ಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಇನ್ನು ಮಗುವಿನ ಸರಿಗೆ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಬೀಸುತ್ತಿದ್ದ ಅಜ್ಜಿಯರ ತಿಳಿವಳಿಕೆಯನ್ನು ನೋಡಿ. ಮೊಳೆತ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಸರಿ ಗಟ್ಟಿಯಾಗದು. ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಾಕಬಹುದು, ಪುಟ್ಟ ಹೊಟ್ಟೆಗೆ ಹೆಚ್ಚು ಕಸುವು ಸಿಗುತ್ತದೆ.

ಕರಾವಳಿಯಲ್ಲಿ ಜ್ವರ ಬಂದರೂ ಭೇದಿಯಾದರೂ ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿಸುತ್ತಾರೆ. ಢಾಕಾದ ಅತಿಸಾರ ಸಂಶೋಧನಾ ಕೇಂದ್ರದ ವೈದ್ಯರು 1980ರ ದಶಕದಲ್ಲಿ ಕಾಲರಾ ರೋಗಿಗಳಿಗೆ ಸಕ್ಕರೆಯ ಬದಲು ಬೇಯಿಸಿದ ಅಕ್ಕಿಹಿಟ್ಟಿನ ಉಪ್ಪುನೀರು ಕೊಟ್ಟು ನೋಡಿದಾಗ ಭೇದಿಯ ಪ್ರಮಾಣ ಇನ್ನಷ್ಟು ಇಳಿಯಿತು. ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ಹೀರಲ್ಪಡುವಾಗ ಉಪ್ಪಿನಂಶವೂ ನೀರೂ ಅದರ ಜೊತೆಗೇ ಮೈಸೇರುತ್ತವೆ. ಗಂಜಿಗೆ ಉಪ್ಪು ಹಾಕಲು ಮರೆಯಬೇಡಿ ಎಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಈಗ ಕುಕ್ಕರಿನಲ್ಲಿ ಅನ್ನ ಬಸಿಯುವ ಮಾತೇ ಇಲ್ಲ, ಹಾಗಾಗಿ ತಿಳಿಯೂ ಇಲ್ಲ.

2024ರ ಫೆಬ್ರವರಿಯಿಂದ ನಮ್ಮ ಸರ್ಕಾರಿ ಶಾಲೆಗಳ ಮಕ್ಕಳಿಗೆ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡುತ್ತಿದ್ದಾರೆ. ಒಳ್ಳೆಯ ಕೆಲಸ, ಮನಸಾರೆ ಮೆಚ್ಚಬೇಕು. ಆದರೆ ಅಂಗಡಿಯಲ್ಲಿ ಮಾಲ್ಟಿನ ಪೊಟ್ಟಣ ಕೊಳ್ಳುವಾಗ ಹಿಂಬದಿಯ ಪಟ್ಟಿಯನ್ನೊಮ್ಮೆ ಓದಿ. ಹೆಚ್ಚು ತೂಕದ ಪದಾರ್ಥವನ್ನು ಮೊದಲು ಬರೆಯಬೇಕೆಂಬುದು ನಿಯಮ. ರಾಗಿಗಿಂತ ಮೊದಲು ಸಕ್ಕರೆಯ ಹೆಸರಿದ್ದರೆ ಅದನ್ನು ಅಲ್ಲೇ ಇಟ್ಟು ಬನ್ನಿ. ಕಿಲೋ ರಾಗಿಹಿಟ್ಟು, ಮನೆಯ ಮಜ್ಜಿಗೆ, ಉಪ್ಪು ಇದ್ದರೆ ಸಾಕು. ಈ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಹುಳಿ ಅಂಬಲಿಯ ರುಚಿ ಹತ್ತಿಸಿ, ಕಾಯಿಸುವುದನ್ನೂ ಕಲಿಸಿ.