ತಳದ ನೀರು: ಸಂವರ, ನಿರ್ಜರೆ ಮತ್ತು ದೋಣಿಯ ಪಂಪು

ಸೋರುವ ದೋಣಿಯಲ್ಲಿ ಮೊದಲು ತೂತನ್ನು ಮುಚ್ಚಬೇಕೋ, ಒಳಗಿನ ನೀರನ್ನು ಮೊಗೆದು ಚೆಲ್ಲಬೇಕೋ ಎಂಬುದು ಮೇಲ್ನೋಟಕ್ಕೆ ಕಡಲಿಗಿಳಿಯುವವರ ಪ್ರಶ್ನೆಯಾಗಿ ಕಂಡರೂ, ಜೈನ ತತ್ತ್ವಶಾಸ್ತ್ರವು ಅದನ್ನು ಬಹು ಹಿಂದೆಯೇ ಬಿಡುಗಡೆಯ ಪ್ರಶ್ನೆಯಾಗಿ ಎತ್ತಿಕೊಂಡಿದೆ. ಉತ್ತರಾಧ್ಯಯನ ಸೂತ್ರದ 23ನೆಯ ಅಧ್ಯಾಯದಲ್ಲಿ, ಜೈನ ಮುನಿಗಳಾದ ಕೇಶಿ ಮತ್ತು ಗೌತಮರ ಸಂವಾದದೊಳಗೆ, ದೇಹವೇ ದೋಣಿ, ಜೀವವೇ ನಾವಿಕ, ಸಂಸಾರವೇ ಕಡಲು ಎಂಬ ರೂಪಕ ಬರುತ್ತದೆ. ದಿಗಂಬರರೂ ಶ್ವೇತಾಂಬರರೂ ಒಪ್ಪಿಕೊಂಡಿರುವ ತತ್ತ್ವಾರ್ಥಸೂತ್ರವು ಎಣಿಸುವ ಏಳು ತತ್ತ್ವಗಳಲ್ಲಿ ಕೊನೆಯ ಐದನ್ನು ಈ ದೋಣಿಯಿಂದಲೇ ವಿವರಿಸುವುದು ರೂಢಿ: ತೂತಿನಿಂದ ನೀರು ಒಳನುಗ್ಗುವಂತೆ ಜೀವದೊಳಕ್ಕೆ ಕರ್ಮ ಹರಿದುಬರುವುದು ಆಸ್ರವ, ಬಂದ ನೀರು ತಳದಲ್ಲಿ ನಿಲ್ಲುವುದು ಬಂಧ, ತೂತು ಮುಚ್ಚುವುದು ಸಂವರ, ನಿಂತ ನೀರನ್ನು ಹೊರಹಾಕುವುದು ನಿರ್ಜರೆ, ದಡ ಸೇರುವುದು ಮೋಕ್ಷ.

ಮಂಗಳೂರಿನ ಅತ್ತಾವರದಂಥ ಸ್ಥಳದಲ್ಲಿ ಈ ರೂಪಕ ಗ್ರಂಥದೊಳಗಿನ ಮಾತಾಗಿ ಉಳಿಯುವುದಿಲ್ಲ. ಪಡುವಣಕ್ಕೆ ಹೋದರೆ ಹಳೆ ಬಂದರಿನ ಮೀನುಗಾರಿಕೆ ಧಕ್ಕೆ, ತೆಂಕಣಕ್ಕೆ ಜೆಪ್ಪು ದಾಟಿದರೆ ನೇತ್ರಾವತಿ, ಆಚೆ ದಡದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಜೈನ ಚೌಟ ಮನೆತನದ ರಾಣಿ ಅಬ್ಬಕ್ಕನ ಉಳ್ಳಾಲ. ಅದೇ ಚೌಟರ ನೆಲೆಯಾಗಿದ್ದ ಮೂಡುಬಿದಿರೆಯಲ್ಲಿ, 1430ರ ಸಾವಿರ ಕಂಬದ ಬಸದಿಯ ಊರಿನಲ್ಲಿ, ಕರ್ಮಸಿದ್ಧಾಂತದ ಮೂಲವಾದ ಷಟ್ಖಂಡಾಗಮವು ಧವಲಾ ವ್ಯಾಖ್ಯಾನದೊಡನೆ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಉಳಿದುಬಂದಿತು. ಆದ್ದರಿಂದ ಈ ಕರಾವಳಿಯ ಒಂದು ಸಣ್ಣ ದೋಣಿಗೆ ಪಂಪು ಆರಿಸಿ ಕೂರಿಸುವ ಕೆಲಸವನ್ನು ಸಂವರ ಮತ್ತು ನಿರ್ಜರೆಗಳ ಬೆಳಕಿನಲ್ಲಿ ನೋಡುವುದು ದೂರದ ಹೋಲಿಕೆಯೇನೂ ಅಲ್ಲ.

ದೋಣಿಯ ಅತ್ಯಂತ ತಗ್ಗಿನ ಭಾಗದಲ್ಲಿ ಸೇರುವ ನೀರನ್ನು ಹೊರಗೆಸೆಯುವ ಯಂತ್ರಕ್ಕೆ ಬಿಲ್ಜ್ ಪಂಪ್ ಎಂದು ಹೆಸರು. ಸಣ್ಣ ದೋಣಿಗಳಲ್ಲಿ ಅದು ಸಾಮಾನ್ಯವಾಗಿ 12 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತದೆ. ಅದರ ಮೇಲೆ ಬರೆದ ಸಾಮರ್ಥ್ಯವು ನೀರನ್ನು ಸ್ವಲ್ಪವೂ ಮೇಲೆತ್ತದೆ, ಕೊಳವೆಯ ತಡೆಯಿಲ್ಲದೆ ಅಳೆದ ಅಂಕಿಯಾಗಿರುತ್ತದೆ. ಗಂಟೆಗೆ 1000 ಗ್ಯಾಲನ್, ಅಂದರೆ ಸುಮಾರು 3785 ಲೀಟರ್ ಎಂದು ಬರೆದ ಪಂಪು ಒಂದು ಮೀಟರ್ ಎತ್ತರಕ್ಕೆ ನೀರೆತ್ತುವಾಗ ಅದರ ಮೂರರಲ್ಲಿ ಒಂದು ಪಾಲನ್ನೋ ಇನ್ನೂ ಹೆಚ್ಚನ್ನೋ ಕಳೆದುಕೊಳ್ಳುವುದುಂಟು. ಇತ್ತ, ನೀರಿನ ಮಟ್ಟದಿಂದ 60 ಸೆಂಟಿಮೀಟರ್ ಕೆಳಗೆ ಎರಡೂವರೆ ಸೆಂಟಿಮೀಟರ್ ಅಗಲದ ಒಂದೇ ಒಂದು ತೂತಾದರೆ ಸೆಕೆಂಡಿಗೆ ಸುಮಾರು ಒಂದು ಲೀಟರ್, ಗಂಟೆಗೆ 3600 ಲೀಟರ್ ನೀರು ಒಳಬರುತ್ತದೆ. ಹೆಬ್ಬೆರಳಿನಿಂದ ಮುಚ್ಚಬಹುದಾದ ತೂತಿಗೆ ಆ ಪಂಪು ಸೋಲುತ್ತದೆ. ಸಂವರವಿಲ್ಲದ ನಿರ್ಜರೆಯಿಂದ ಬಿಡುಗಡೆಯಿಲ್ಲ ಎಂಬ ಶಾಸ್ತ್ರದ ಮಾತು ಇಲ್ಲಿ ಲೆಕ್ಕದಿಂದಲೇ ಸಿದ್ಧವಾಗುತ್ತದೆ. ಹಾಗಾದರೆ ಪಂಪು ಯಾವುದಕ್ಕೆ? ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಆಳಿಲ್ಲದೆ ಕಟ್ಟಿಹಾಕಿದ ದೋಣಿಯ ಒಂಬತ್ತು ಚದರ ಮೀಟರ್ ತೆರೆದ ಒಡಲಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಸುರಿದರೆ 900 ಲೀಟರ್ ನೀರು ತುಂಬುತ್ತದೆ. ಅದನ್ನು ಅದೇ ಪಂಪು ಅರ್ಧ ಗಂಟೆಯೊಳಗೆ ಬರಿದುಮಾಡಬಲ್ಲದು.

ಎಲ್ಲ ತೂತುಗಳನ್ನೂ ಮುಚ್ಚಲು ಬರುತ್ತದೆಯೇ ಎಂಬುದು ಇನ್ನೂ ಕಠಿಣವಾದ ಪ್ರಶ್ನೆ. ಪುರಂದರದಾಸರು ದೇಹವನ್ನು ಒಂಬತ್ತು ಛಿದ್ರಗಳ ಹರಿಗೋಲಾಗಿ ಕಂಡು, ಅವು ಮುಚ್ಚಲಾಗದವು ಎಂಬ ಅರಿವಿನಿಂದಲೇ ಅಂಬಿಗನಾದ ಹರಿಗೆ ಮೊರೆಹೋಗುತ್ತಾರೆ. ಜೈನ ದರ್ಶನದಲ್ಲಿ ದಾಟಿಸುವ ಅಂಬಿಗನಿಲ್ಲ. ತನ್ನ ನೀರನ್ನು ಜೀವವೇ ಹೊರಹಾಕಬೇಕು. ಆದರೂ ಚಲನೆಯಿರುವವರೆಗೆ ಮುಚ್ಚಲಾಗದ ಒಂದು ದಾರಿಯನ್ನು ಆ ದರ್ಶನವೂ ಒಪ್ಪುತ್ತದೆ: ಮನಸ್ಸು, ಮಾತು, ಕಾಯಗಳ ಚಲನೆಗೆ ಅದು ಯೋಗ ಎಂದು ಹೆಸರಿಟ್ಟು, ಯೋಗವೇ ಆಸ್ರವವೆಂದು ಹೇಳುತ್ತದೆ. ಒಳಗೇ ಎಂಜಿನ್ ಇರುವ ದೋಣಿಯಲ್ಲಿ ಇದಕ್ಕೆ ನೇರವಾದ ಸಾಟಿಯಿದೆ. ದೋಣಿಯನ್ನು ಮುನ್ನೂಕುವ ಫ್ಯಾನನ್ನು ತಿರುಗಿಸುವ ದಂಡವು ದೋಣಿಯ ಒಡಲನ್ನು ತೂರಿ ಹೊರಹೋಗುವಲ್ಲಿ ಎಣ್ಣೆಹಗ್ಗ ತುಂಬಿದ ಬಿಗಿಪೆಟ್ಟಿಗೆಯಿರುತ್ತದೆ. ಹಳೆಯ ಮಾದರಿಯದಾದರೆ ದಂಡ ತಿರುಗುವಾಗ ಅದು ನಿಮಿಷಕ್ಕೆ ಕೆಲವು ಹನಿ ತೊಟ್ಟಿಕ್ಕಲೇಬೇಕು, ಒಂದು ಹನಿಯೂ ಬಾರದಂತೆ ಬಿಗಿದರೆ ದಂಡ ಕಾದು ಸವೆಯುತ್ತದೆ. ಚಲಿಸುವ ದೋಣಿಗೆ ಈ ಹನಿ ತಪ್ಪದು. ಕಷಾಯವಿಲ್ಲದವನಲ್ಲಿ, ಅಂದರೆ ಕ್ರೋಧ, ಮಾನ, ಮಾಯೆ, ಲೋಭಗಳಿಲ್ಲದವನಲ್ಲಿ, ಚಲನೆಯಿಂದ ಬಂದ ಕರ್ಮ ಅಂಟದೆ ಹೊರಟುಹೋಗುತ್ತದೆ. ಅದಕ್ಕೆ ಈರ್ಯಾಪಥ ಆಸ್ರವವೆಂದು ಹೆಸರು. ಎಣ್ಣೆ ಹಚ್ಚಿದ ಮೈಗೆ ಧೂಳು ಮೆತ್ತುವಂತೆ ಕಷಾಯವಿದ್ದಲ್ಲಿ ಕರ್ಮ ಅಂಟುತ್ತದೆ ಎಂಬ ಹಳೆಯ ಉಪಮೆಯಂತೂ ದೋಣಿಯ ತಳದಲ್ಲಿ ಅಕ್ಷರಶಃ ನಿಜ: ಡೀಸೆಲ್ ಬೆರೆತ ಜಿಡ್ಡು ಪಂಪಿನ ಜರಡಿಗೂ, ನೀರೇರಿದಾಗ ತೇಲಿ ಪಂಪನ್ನು ಚಾಲೂ ಮಾಡುವ ಫ್ಲೋಟ್ ಸ್ವಿಚ್ಚಿಗೂ ಮೆತ್ತಿಕೊಂಡು ಎರಡನ್ನೂ ಕೆಡಿಸುತ್ತದೆ.

ಪಂಪನ್ನು ಕೂರಿಸುವ ಕ್ರಮದಲ್ಲಿ ಎರಡು ಸಂಗತಿಗಳು ಹೆಚ್ಚಿನ ವಿಚಾರಕ್ಕೆ ಅರ್ಹವಾಗಿವೆ. ಮೊದಲನೆಯದು, ಹೊರಬಾಯಿ ಪೂರ್ತಿ ಹೊರೆ ಹೇರಿದಾಗಿನ ನೀರುಮಟ್ಟಕ್ಕಿಂತ ಸಾಕಷ್ಟು ಮೇಲಿರಬೇಕು, ಒಳಮೈ ನುಣುಪಾದ ಕೊಳವೆ ಎಲ್ಲಿಯೂ ಜೋತುಬೀಳದೆ ಏರುತ್ತ ಹೋಗಬೇಕು. ಹೊರಬಾಯಿ ಮುಳುಗಿತೆಂದರೆ ಪಂಪು ನಿಂತ ಮೇಲೆ ಹೊರಗಿನ ನೀರು ಅದೇ ಕೊಳವೆಯಲ್ಲಿ ಹಿಂದಿರುಗಿ, ಹೊರಹಾಕುವ ದಾರಿಯೇ ಒಳನುಗ್ಗುವ ದಾರಿಯಾಗುತ್ತದೆ. ತಪಸ್ಸಿಗೆ ಫಲವನ್ನು ಬಯಸುವುದನ್ನು ನಿದಾನವೆಂಬ ಶಲ್ಯ, ಅಂದರೆ ಒಳಗೆ ಮುರಿದುಳಿದ ಮುಳ್ಳು, ಎಂದು ಜೈನಾಚಾರ್ಯರು ಕರೆದದ್ದು ಇದೇ ಬಗೆಯ ದೋಷವನ್ನು ಕಂಡು. ನಿರ್ಜರೆಗಾಗಿ ಕೈಗೊಂಡ ತಪಸ್ಸೇ ಅಲ್ಲಿ ಹೊಸ ಕರ್ಮಕ್ಕೆ ಬಾಗಿಲಾಗುತ್ತದೆ.

ಎರಡನೆಯದು ತಾನಾಗಿ ನಡೆಯುವ ಸ್ವಿಚ್ಚಿನ ವಿಚಾರ. ಆಳಿಲ್ಲದಾಗಲೂ ಪಂಪು ನಡೆಯುವಂತೆ ಅದರ ತಂತಿಯನ್ನು ಮುಖ್ಯ ಸ್ವಿಚ್ಚನ್ನು ದಾಟಿಸಿ, ಫ್ಯೂಸಿನ ಮೂಲಕ, ಬ್ಯಾಟರಿಗೇ ಸೇರಿಸುವುದು ಸರಿಯಾದ ಕ್ರಮ. ಆದರೆ ಆ ಕ್ರಮ ಸೋರಿಕೆಯನ್ನು ಮರೆಮಾಚಬಲ್ಲದು: ಹಲಗೆಯ ಸಂದು ದಿನದಿಂದ ದಿನಕ್ಕೆ ಅಗಲವಾಗುತ್ತಿದ್ದರೂ ತಳ ಒಣಗಿಯೇ ಕಾಣುತ್ತದೆ, ಬ್ಯಾಟರಿ ಬರಿದಾದ ರಾತ್ರಿ ಮಾತ್ರ ಅದು ತಿಳಿಯುತ್ತದೆ. ತತ್ತ್ವಾರ್ಥಸೂತ್ರವು ಬಂಧದ ಐದು ಕಾರಣಗಳಲ್ಲಿ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಬೇರೆಯಾಗಿಯೇ ಎಣಿಸಿದೆ. ಧಮ್ಮಪದದ ಭಿಕ್ಷುವರ್ಗದಲ್ಲಿ ಬುದ್ಧನು ದೋಣಿಯ ನೀರನ್ನು ಚೆಲ್ಲಲು ಹೇಳುವುದೂ ಭಿಕ್ಷುವಿಗೇ, ಬೇರೆ ಯಾರಿಗೂ ಅಲ್ಲ. ಕೈಯಿಂದ ಮೊಗೆಯುವವನಿಗೆ ಎಷ್ಟು ನೀರು ಬಂತೆಂಬುದು ತೋಳಿನ ನೋವಿನಿಂದಲೇ ತಿಳಿಯುತ್ತಿತ್ತು; ಯಂತ್ರಕ್ಕೆ ಶ್ರಮವನ್ನು ಒಪ್ಪಿಸಬಹುದು, ಆ ತಿಳಿವನ್ನು ಒಪ್ಪಿಸಲಾಗದು. ಪಂಪು ನಡೆದಾಗಲೆಲ್ಲ ಉರಿಯುವ ದೀಪ, ಎಷ್ಟು ಸಲ ನಡೆಯಿತೆಂದು ತೋರಿಸುವ ಎಣಿಕೆಯ ಸಾಧನ, ನೀರು ಮಿತಿಮೀರಿದರೆ ಕೂಗುವ ಗಂಟೆ ಇವುಗಳನ್ನು ಸೇರಿಸದೆ ಕೂರಿಸಿದ ಪಂಪು ಅರ್ಧ ಕೆಲಸವೆಂದೇ ಹೇಳಬೇಕು.

ರೂಪಕ ಮುಂದೆ ಸಾಗದ ಒಂದು ಎಡೆಯಿದೆ. ನಿರ್ಜರೆಯಾದ ಕರ್ಮ ಕರ್ಮತ್ವವನ್ನು ಕಳೆದುಕೊಂಡು ಬರಿಯ ಪುದ್ಗಲವಾಗಿ, ಜಡದ್ರವ್ಯವಾಗಿ, ಉಳಿಯುತ್ತದೆ. ಅದು ಯಾರನ್ನೂ ನೋಯಿಸದು. ದೋಣಿಯ ತಳದ ನೀರು ಹಾಗಲ್ಲ. ಅದು ತನ್ನ ಎಣ್ಣೆಯೊಡನೆ ಸಮುದ್ರ ಮತ್ತು ಹೊಳೆ ಕೂಡುವ ಅಳಿವೆಗೇ ಬೀಳುತ್ತದೆ, ಮರುವಾಯಿಯೆಂಬ ಚಿಪ್ಪುಜೀವಿಗಳೂ ಮೀನಮರಿಗಳೂ ಬೆಳೆಯುವ ನೀರಿಗೆ ಸೇರುತ್ತದೆ. ಅಹಿಂಸೆಯನ್ನು ಮೊದಲ ವ್ರತವೆಂದು ಒಪ್ಪಿದ ವಿಚಾರಕ್ಕೆ ಇದು ಸಣ್ಣ ವಿಷಯವಲ್ಲ. ಎಂಜಿನ್ನಿನ ಅಡಿಗೆ ಬೇರೆಯೇ ತಟ್ಟೆಯಿಟ್ಟು ಜಿಡ್ಡನ್ನು ಅಲ್ಲಿಯೇ ಹಿಡಿದು, ಎಣ್ಣೆ ಹೀರುವ ಬಟ್ಟೆಯಿಂದ ತಳವನ್ನು ಒರೆಸಿದ ಮೇಲೆಯೇ ಪಂಪಿಗೆ ನೀರು ಸಿಗುವಂತೆ ಮಾಡುವುದು ಆ ವ್ರತದ ಪಾಲನೆಯೊಳಗೇ ಬರುತ್ತದೆ.